ದಾಲ್ಮೇಷಿಯಾದ ದ್ವೀಪಗಳಿಗೆ ಯಾವ ನೌಕೆ? ಹಾಯಿನೌಕೆ, ಕ್ಯಾಟಮರಾನ್, ಗುಲೆಟ್

ಕ್ರೊವೇಷಿಯಾದ ದಾಲ್ಮೇಷಿಯಾ ಕರಾವಳಿಯ ದ್ವೀಪಗಳನ್ನು ನಾನು ಮೂರು ವರ್ಷಗಳಲ್ಲಿ, ಮೂರು ಬಗೆಯ ನೌಕೆಗಳಲ್ಲಿ, ಪ್ರತಿ ಸಲವೂ ಒಂದು ವಾರದಂತೆ ಸುತ್ತಿ ಬಂದಿದ್ದೇನೆ. ಮೊದಲನೆಯದು ಸುಮಾರು 12 ಮೀಟರ್ ಉದ್ದದ, ಒಂದೇ ಒಡಲಿನ ಹಾಯಿನೌಕೆ. ಎರಡನೆಯದು ಜೋಡಿ ಒಡಲಿನ ಕ್ಯಾಟಮರಾನ್. ಮೂರನೆಯದು ಅಡುಗೆಯವರೂ ನಾವಿಕರೂ ಜೊತೆಗಿರುವ ಮರದ ಗುಲೆಟ್. ಇಂಥ ಪ್ರವಾಸಕ್ಕೆ ಸಿದ್ಧರಾಗುವವರು ಸಾಮಾನ್ಯವಾಗಿ ನೋಡಬೇಕಾದ ದ್ವೀಪಗಳ ಪಟ್ಟಿಯಿಂದ ತೊಡಗುತ್ತಾರೆ. ನಾನೂ ಹಾಗೆಯೇ ತೊಡಗಿದ್ದೆ. ಆದರೆ ಎಲ್ಲಿ ತಂಗಬಹುದು, ಎಷ್ಟು ಹೊತ್ತಿಗೆ ಹೊರಡಬೇಕು, ಗಾಳಿ ಕೆಟ್ಟಾಗ ಏನು ಮಾಡಬಹುದು ಎಂಬುದನ್ನೆಲ್ಲ ಬಹುಮಟ್ಟಿಗೆ ನೌಕೆಯೇ ನಿರ್ಧರಿಸುವುದರಿಂದ, ಬಿಡುವಾಗಿ ಸುತ್ತಬೇಕೆನ್ನುವವರು ಮೊದಲು ನೌಕೆಯನ್ನು ಆರಿಸಿ, ಆಮೇಲೆ ದ್ವೀಪಗಳನ್ನು ಆರಿಸುವುದೇ ಸರಿಯೆಂದು ಈಗ ನನಗೆ ಖಚಿತವಾಗಿದೆ.

ಹಾಯಿನೌಕೆಯಲ್ಲಿ ಹೋದದ್ದು ಸೆಪ್ಟೆಂಬರ್ ಮೊದಲ ವಾರದಲ್ಲಿ, ನಾವು ನಾಲ್ವರು. ಸ್ವತಃ ನಡೆಸುವವರಲ್ಲಿ ನೌಕಾಚಾಲನೆಯ ಪರವಾನಗಿಯೂ ರೇಡಿಯೊ ಬಳಕೆಯ ಪ್ರಮಾಣಪತ್ರವೂ ಇರಬೇಕೆಂಬುದು ಅಲ್ಲಿನ ನಿಯಮ. ನಮ್ಮಲ್ಲಿ ಅವೆರಡೂ ಇರಲಿಲ್ಲವಾದ್ದರಿಂದ ಸ್ಥಳೀಯ ಸ್ಕಿಪ್ಪರ್ (ನೌಕೆ ನಡೆಸುವವರು) ಒಬ್ಬರನ್ನು ಜೊತೆಗೆ ಕರೆದುಕೊಂಡೆವು. ಬೇಸಿಗೆಯ ಒಳ್ಳೆಯ ಹವೆಯಲ್ಲಿ ಅಲ್ಲಿ ವಾಯವ್ಯದಿಂದ ಬೀಸುವ ಗಾಳಿಯನ್ನು ಮಾಯೆಸ್ತ್ರಾಲ್ ಎನ್ನುತ್ತಾರೆ. ಬೆಳಗಿನ ಹೊತ್ತು ಕಳೆದ ಮೇಲೆ ಎದ್ದು, ಮಧ್ಯಾಹ್ನಕ್ಕೆ ಬಲವಾಗಿ, ಸಂಜೆಗೆ ಅಡಗುವ ಈ ಗಾಳಿಯೇ ನಮ್ಮ ದಿನಚರಿಯನ್ನು ಬರೆದುಕೊಟ್ಟಿತು: ಬೆಳಿಗ್ಗೆ ಈಜು, ಊಟದ ನಂತರ ಹಾಯಿ, ಕತ್ತಲಾಗುವ ಮೊದಲು ಲಂಗರು. ಹ್ವಾರ್ ಪಟ್ಟಣದಿಂದ ವಿಸ್ ಪಟ್ಟಣಕ್ಕೆ ಸುಮಾರು 13 ನಾಟಿಕಲ್ ಮೈಲಿ, ಅಂದರೆ 24 ಕಿಲೋಮೀಟರ್. ಆರು ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಆರು ನಾಟಿಕಲ್ ಮೈಲಿಯಂತೆ, ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ನೌಕೆ ಒಂದು ಬದಿಗೆ ವಾಲಿಕೊಂಡೇ ಸಾಗುವುದರಿಂದ ಆ ಹೊತ್ತಿನಲ್ಲಿ ಒಳಗೆ ಚಹಾ ಕಾಯಿಸುವುದೂ ಕಷ್ಟ. ವಾಲುವಿಕೆಗೆ ಹೆದರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಈ ನೌಕೆಯ ನಿಜವಾದ ಗುಣ ಕಂಡದ್ದು ಗಾಳಿ ತಿರುಗಿದಾಗ. ವಿಸ್ ತಲುಪಿದ ರಾತ್ರಿ, ಯುಗೊ ಬರಲಿದೆಯೆಂಬ ಮುನ್ಸೂಚನೆ ಸಿಕ್ಕಿತು. ಆಗ್ನೇಯದಿಂದ ಬೀಸುವ ಈ ತೇವದ ಗಾಳಿ ಏಡ್ರಿಯಾಟಿಕ್ ಸಮುದ್ರದ ಉದ್ದಕ್ಕೂ ಓಡಿಬಂದು ದೊಡ್ಡ ಅಲೆಗಳನ್ನು ಎಬ್ಬಿಸುತ್ತದೆ. ದಕ್ಷಿಣಕ್ಕೆ ಬಾಯಿ ತೆರೆದ ಕೊಲ್ಲಿಗಳಲ್ಲಿ ಆಗ ನಿಲ್ಲುವಂತಿಲ್ಲ. ನಮ್ಮ ಪಟ್ಟಿಯಲ್ಲಿದ್ದ ಲಾಸ್ತೊವೊ ದ್ವೀಪವನ್ನು ಸ್ಕಿಪ್ಪರ್ ಮರುಮಾತಿಲ್ಲದೆ ಕೈಬಿಟ್ಟು, ಈಶಾನ್ಯಕ್ಕೆ ತೆರೆದಿರುವ ವಿಸ್ ಬಂದರಿನಲ್ಲಿಯೇ ಇನ್ನೊಂದು ರಾತ್ರಿ ಉಳಿಯೋಣವೆಂದರು. ಹೀಗೆ ತಾನಾಗಿ ದೊರೆತ ಆ ದಿನವೇ ಮೂರೂ ಪ್ರವಾಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಸೇನಾನೆಲೆಯಾಗಿದ್ದ ಕಾರಣ ವಿಸ್ ದ್ವೀಪ 1989ರವರೆಗೆ ವಿದೇಶಿಯರಿಗೆ ಮುಚ್ಚಿತ್ತು. ಜಲಾಂತರ್ಗಾಮಿಗಳನ್ನು ಅಡಗಿಸಲು ಬಂಡೆಯನ್ನು ಕೊರೆದ ಸುರಂಗ ಇಂದಿಗೂ ಅಲ್ಲಿದೆ, ಮತ್ತು ಹೋಟೆಲುಗಳು ಏಳದೆ ಉಳಿದ ಬೆಟ್ಟದ ಇಳಿಜಾರುಗಳಲ್ಲಿ ದ್ರಾಕ್ಷಿ ತೋಟಗಳ ನಡುವೆ ನಾವು ದಿನವಿಡೀ ನಡೆದೆವು.

ಕ್ಯಾಟಮರಾನ್‌ನಲ್ಲಿ ಹೋದದ್ದು ಜುಲೈನಲ್ಲಿ, ಹಿರಿಯರಿಬ್ಬರನ್ನು ಕರೆದುಕೊಂಡು. ಆಗಲೂ ಸ್ಕಿಪ್ಪರ್ ಇದ್ದರು. ಅದು ವಾಲುವುದಿಲ್ಲವೆನ್ನಬಹುದು, ಅಂಗಳದಷ್ಟು ವಿಶಾಲವಾದ ಡೆಕ್ ಇರುತ್ತದೆ, ಹಾಯಿನೌಕೆಗೆ ಎರಡು ಮೀಟರ್ ಆಳ ಬೇಕಾದ ಕಡೆ ಇದಕ್ಕೆ ಒಂದೂಕಾಲು ಮೀಟರ್‌ನಷ್ಟು ಸಾಕು. ಹ್ವಾರ್ ಎದುರಿನ ಪಾಕ್ಲೆನಿ ದ್ವೀಪಗಳ ನಡುವೆ ಐದು ಮೀಟರ್ ಆಳದಲ್ಲಿ ಇಪ್ಪತ್ತೈದು ಮೀಟರ್ ಸರಪಳಿ ಬಿಟ್ಟು ನಿಂತ ರಾತ್ರಿ ಹಿರಿಯರು ಮನೆಯಲ್ಲಿ ಮಲಗಿದಂತೆ ನಿದ್ರಿಸಿದರು. (ಲಂಗರನ್ನು ತಿಳಿಬಣ್ಣದ ಮರಳಿನ ಮೇಲೆಯೇ ಇಳಿಸಬೇಕು, ಕಪ್ಪಾಗಿ ಕಾಣುವ ಕಡಲಹುಲ್ಲಿನ ಮೇಲೆ ಅದು ಕಚ್ಚಿಕೊಳ್ಳುವುದಿಲ್ಲ, ಹುಲ್ಲಿಗೂ ಹಾನಿ.) ತೊಂದರೆ ಬಂದರುಗಳಲ್ಲಿ. ಅದರ ಅಗಲಕ್ಕೆ ಮರೀನಾಗಳಲ್ಲಿ (ವಿಹಾರನೌಕೆಗಳನ್ನು ಕಟ್ಟುವ ತಂಗುದಾಣಗಳಲ್ಲಿ) ಜಾಗ ಕಡಿಮೆ, ಶುಲ್ಕ ಹೆಚ್ಚು. ಜುಲೈ ಜನಜಂಗುಳಿಯಲ್ಲಿ ಜಾಗ ಸಿಗಬೇಕಾದರೆ ಮಧ್ಯಾಹ್ನದ ಹೊತ್ತಿಗೇ ತಲುಪಬೇಕಾಗಿ ಬಂದು, ಮಾಯೆಸ್ತ್ರಾಲ್ ಏಳುವ ವೇಳೆಗೆ ನಾವು ಹಗ್ಗ ಕಟ್ಟಿ ಕುಳಿತಿರುತ್ತಿದ್ದೆವು. ಗಾಳಿಗೆ ಎದುರಾಗಿ ಸಾಗುವುದರಲ್ಲಿಯೂ ಅದು ಹಿಂದೆ. ಆ ವಾರದ ಅರ್ಧ ದಾರಿ ಎಂಜಿನ್ನಿನದೇ.

ಗುಲೆಟ್ ಮೂಲತಃ ಟರ್ಕಿಯ ಬೋದ್ರುಮ್ ಕಡೆಯ ಮರದ ನೌಕೆ. ನಾವು ಹನ್ನೆರಡು ಮಂದಿ ಹೋದ ಗುಲೆಟ್‌ನಲ್ಲಿ ಊಟ, ಹಾಸಿಗೆ, ಉಪಚಾರಗಳಿಗೆ ಯಾವ ಕೊರತೆಯೂ ಇರಲಿಲ್ಲ. ಹಾಯಿಯನ್ನು ಮಾತ್ರ ವಾರದಲ್ಲಿ ಒಂದೇ ಸಲ ಬಿಚ್ಚಿದರು. ಮ್ಲ್ಯೆಟ್ ದ್ವೀಪದ ರಾಷ್ಟ್ರೀಯ ಉದ್ಯಾನದಲ್ಲಿ (ಅದು 1960ರಲ್ಲಿ ಸ್ಥಾಪನೆಯಾದದ್ದು) ಎರಡು ಉಪ್ಪುನೀರಿನ ಸರೋವರಗಳಿವೆ. ದೊಡ್ಡದರ ನಡುಗಡ್ಡೆಯಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಹಳೆಯ ಮಠವಿದೆ. ಇನ್ನೊಂದು ದಿನ ಇಲ್ಲಿಯೇ ಉಳಿಯೋಣವೆಂದು ನಾವು ಎಷ್ಟು ಕೇಳಿಕೊಂಡರೂ, ಮಾರ್ಗ ಮೊದಲೇ ನಿಗದಿಯಾಗಿದ್ದರಿಂದ ಕ್ಯಾಪ್ಟನ್‌ಗೆ ಒಪ್ಪಲಾಗಲಿಲ್ಲ. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಖರ್ಚಿನ ವಿಷಯದಲ್ಲಿ ಒಂದೇ ಮಾತು: ಬಾಡಿಗೆಯ ಜೊತೆಗೆ ಇಂಧನ, ಮರೀನಾ ಶುಲ್ಕ, ಪ್ರವಾಸಿ ತೆರಿಗೆ, ಸ್ಕಿಪ್ಪರ್‌ನ ದಿನಗೂಲಿ ಮತ್ತು ಊಟ ಇವೆಲ್ಲವನ್ನೂ ಯೂರೊದಲ್ಲಿ ಮುಂಚೆಯೇ ಬರೆಸಿಕೊಂಡು ಹೋಲಿಸಬೇಕು.

ಹಿರಿಯರಿದ್ದರೆ ನಾನು ಮತ್ತೆ ಕ್ಯಾಟಮರಾನನ್ನೇ ಆರಿಸುವೆ, ಆದರೆ ಜುಲೈ, ಆಗಸ್ಟ್ ಬಿಟ್ಟು. ದೊಡ್ಡ ಬಳಗಕ್ಕೆ ಗುಲೆಟ್ ಒಪ್ಪುತ್ತದೆ. ಮಾರ್ಗವನ್ನು ಬದಲಿಸುವ ಸ್ವಾತಂತ್ರ್ಯವೆಷ್ಟೆಂದು ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಬೇಕು. ಮೂರ್ನಾಲ್ಕು ಮಂದಿಗೆ, ಬಿಡುವೇ ಮುಖ್ಯವಾದವರಿಗೆ, ಸೆಪ್ಟೆಂಬರಿನಲ್ಲಿ ಸ್ಕಿಪ್ಪರ್ ಜೊತೆಗಿರುವ ಹಾಯಿನೌಕೆಯೇ ನನ್ನ ಆಯ್ಕೆ. ಏಳು ರಾತ್ರಿಗಳಲ್ಲಿ ಮೂರನ್ನು ಮಾತ್ರ ಗೊತ್ತುಮಾಡಿ, ಉಳಿದದ್ದನ್ನು ಗಾಳಿಗೆ ಬಿಡಬೇಕು. ಬಾಡಿಗೆಯ ವಾರ ಸಾಮಾನ್ಯವಾಗಿ ಶನಿವಾರದಿಂದ ಶನಿವಾರದವರೆಗಾದರೂ ನೌಕೆಯನ್ನು ಶುಕ್ರವಾರ ಸಂಜೆಯೇ ಮರಳಿಸಬೇಕಾಗುವುದರಿಂದ, ಗುರುವಾರದ ರಾತ್ರಿಗೆ, ಬಂದರು ನಗರವಾದ ಸ್ಪ್ಲಿಟ್‌ನಿಂದ ಹನ್ನೊಂದು ನಾಟಿಕಲ್ ಮೈಲಿಯಷ್ಟೇ ದೂರದಲ್ಲಿರುವ, ಬ್ರಾಚ್ ದ್ವೀಪದ ಮಿಲ್ನಾದಲ್ಲಿ ನಿಲ್ಲುವಂತೆ ನೋಡಿಕೊಂಡರೆ ಕೊನೆಯ ದಿನವೂ ಈಜಿಗೆ ಸಮಯ ಉಳಿಯುತ್ತದೆ.