ಬೊಕ್ಕೆರೀನಿಯ ಚೆಲೊ ಕನ್ಸರ್ಟೊ: ಗ್ರುಟ್ಸ್‌ಮಾಖರ್ ಪ್ರತಿಯೋ, ಮೂಲವೋ?

ಬೊಕ್ಕೆರೀನಿಯ ಈ ಕನ್ಸರ್ಟೊ, ಅಂದರೆ ಒಂಟಿ ಚೆಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಮತ್ತು ವಾದ್ಯವೃಂದಕ್ಕೆ ಬರೆದ ಕೃತಿ, ಎರಡು ರೂಪಗಳಲ್ಲಿ ಸಿಗುತ್ತದೆ: ಅವನೇ ಬರೆದ ಮೂಲ, ಮತ್ತು ಗ್ರುಟ್ಸ್‌ಮಾಖರ್ ಎಂಬಾತ ಆಮೇಲೆ ತಿದ್ದಿದ ಪ್ರತಿ. ಮೂಲವನ್ನೇ ಕೊಳ್ಳಿ. ಎರಡಕ್ಕೂ ದುಡ್ಡು ತೆತ್ತು, ಎರಡನ್ನೂ ನುಡಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಗ್ರುಟ್ಸ್‌ಮಾಖರ್ ಪರವಾಗಿಯೂ ಹೇಳುವುದಿದೆ, ಹೇಳುತ್ತೇನೆ. ಆದರೆ ನನ್ನ ಒಲವನ್ನು ಮುಚ್ಚಿಟ್ಟುಕೊಂಡು ತಕ್ಕಡಿ ಹಿಡಿಯುವ ನಾಟಕ ಬೇಡ.

ಲೂಯಿಜಿ ಬೊಕ್ಕೆರೀನಿ ಎಂದರೆ ಹೆಚ್ಚಿನವರಿಗೆ ಒಂದೇ ಒಂದು ಮಿನುಯೆಟ್, ನೃತ್ಯಗತಿಯ ಪುಟ್ಟ ತುಣುಕು. ಅದನ್ನೂ ಯಾರದೆಂದು ತಿಳಿಯದೆಯೇ ಎಲ್ಲೋ ಕೇಳಿರುತ್ತಾರೆ. 1743ರಲ್ಲಿ ಇಟಲಿಯ ಲುಕ್ಕಾದಲ್ಲಿ ಹುಟ್ಟಿ 1805ರಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡ ಈತ ತನ್ನ ಕಾಲದ ಬಲು ದೊಡ್ಡ ಚೆಲೊ ವಾದಕ. ಸ್ಪೇನ್ ದೊರೆಯ ತಮ್ಮ ಡಾನ್ ಲೂಯಿಸ್‌ನ ಆಶ್ರಯದಲ್ಲಿ 1770ರಿಂದ ಹದಿನೈದು ವರ್ಷ ಕಳೆದು, ಎರಡು ಚೆಲೊಗಳಿರುವ ಐವರ ಮೇಳಕ್ಕೆಂದು ರಾಶಿ ರಾಶಿ ಕೃತಿಗಳನ್ನು ಬರೆದವನು. ಹೆಬ್ಬೆರಳನ್ನೇ ತಂತಿಯ ಮೇಲೆ ಅಡ್ಡಲಾಗಿ ಒತ್ತಿ, ಪಿಟೀಲಿನ ಸ್ಥಾಯಿಗೆ ಚೆಲೊವನ್ನು ಹತ್ತಿಸುವುದು ಅವನ ಕೈಚಳಕ. ಇಲ್ಲಿ ಮಾತು ಬಿ ಫ್ಲಾಟ್ ಮೇಜರ್ ಎಂಬ ಸ್ವರಶ್ರೇಣಿಯಲ್ಲಿರುವ ಕನ್ಸರ್ಟೊದ್ದು. ಈವ್ ಜೆರಾರ್ ಸಿದ್ಧಪಡಿಸಿದ ಕೃತಿಸೂಚಿಯಲ್ಲಿ ಅದರ ಸಂಖ್ಯೆ ಜಿ. 482.

ಇದೇ ಕನ್ಸರ್ಟೊವನ್ನು ಡ್ರೆಸ್ಡೆನ್ನಿನ ಚೆಲೊ ವಾದಕ ಫ್ರೀಡ್ರಿಖ್ ಗ್ರುಟ್ಸ್‌ಮಾಖರ್ 1895ರಲ್ಲಿ ತನ್ನ ಅಭಿರುಚಿಗೆ ತಕ್ಕಂತೆ ತಿದ್ದಿ ಪ್ರಕಟಿಸಿದ. ತಿದ್ದಿ ಎನ್ನುವುದು ಮರ್ಯಾದೆಯ ಮಾತಾಯಿತು. ಬೊಕ್ಕೆರೀನಿಯದೇ ಬೇರೆ ಕನ್ಸರ್ಟೊಗಳಿಂದ ತುಣುಕುಗಳನ್ನು ತಂದು ಸೇರಿಸಿದ, ಇದ್ದ ಕೆಲವು ಭಾಗಗಳನ್ನು ಕೈಬಿಟ್ಟ. ನಡುವಿನ ನಿಧಾನಗತಿಯ ಭಾಗವನ್ನಂತೂ ಪೂರ್ತಿ ಕಿತ್ತು, ಜಿ. 480 ಸಂಖ್ಯೆಯ ಕನ್ಸರ್ಟೊದ ಅಡಾಜಿಯೊವನ್ನು ಅಲ್ಲಿ ಕೂರಿಸಿದ. ಬಾಖ್ ಬರೆದ ಚೆಲೊ ಸ್ವೀಟ್‌ಗಳಿಗೂ (ನೃತ್ಯಗತಿಯ ತುಣುಕುಗಳ ಮಾಲೆಗಳಿಗೂ) ಕೈಹಾಕಿದ ಆಸಾಮಿ ಈತ, ಬೊಕ್ಕೆರೀನಿಯನ್ನು ಬಿಡುತ್ತಾನೆಯೇ?

ಇದೆಲ್ಲ ಗೊತ್ತಿದ್ದವರಿಗೂ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ ಎಂಬುದೇ ನನ್ನ ತಕರಾರು. ಚೆಲೊ ಭಾಗದ ಪುಸ್ತಕವನ್ನು ನಾನು ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದೆ, ಪಿಯಾನೊ ಭಾಗವನ್ನು ಗೆಳತಿ ಇನ್ನೊಂದು ಕಡೆಯಿಂದ ತರಿಸಿದಳು. ಎರಡು ಅಂಗಡಿಯವರೂ ಕೊಟ್ಟ ವಿವರ ಒಂದೇ: ಬೊಕ್ಕೆರೀನಿ, ಚೆಲೊ ಕನ್ಸರ್ಟೊ, ಬಿ ಫ್ಲಾಟ್ ಮೇಜರ್. ಸಂಪಾದಕನ ಹೆಸರಿಲ್ಲ, ಸೂಚಿಯ ಸಂಖ್ಯೆ ಇಲ್ಲ. ಸಾಗಣೆ ಮತ್ತು ಸುಂಕ ಸೇರಿ ಪುಸ್ತಕದ ಬೆಲೆಯಷ್ಟೇ ಮೇಲೆ ಬಿತ್ತು.

ಇಬ್ಬರೂ ಕುಳಿತು ನುಡಿಸತೊಡಗಿದಾಗ ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಅದೇ ಪಲುಕು, ಅದೇ ಠೀವಿ. ಸ್ವಲ್ಪ ಮುಂದೆ ಹೋದದ್ದೇ ತಡ, ನಾನೊಂದು ದಾರಿ, ಅವಳೊಂದು ದಾರಿ. ಎಣಿಕೆ ತಪ್ಪಿತೇನೋ ಎಂದು ಮತ್ತೆ ಶುರು ಮಾಡಿದೆವು. ಮತ್ತೆ ಅಲ್ಲಿಯೇ ಎಡವಿದೆವು. ಪೆನ್ಸಿಲ್ ಹಿಡಿದು ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಿದರೆ, ನನ್ನಲ್ಲಿರುವುದು ಅವಳಲ್ಲಿಲ್ಲ, ಅವಳಲ್ಲಿರುವುದು ನನ್ನಲ್ಲಿಲ್ಲ. ಎರಡನೆಯ ಭಾಗ ತೆರೆದಾಗ ಅನುಮಾನ ಪೂರ್ತಿ ಪರಿಹಾರವಾಯಿತು. ಅವಳ ಪುಟದಲ್ಲಿ ಹಗುರಾಗಿ ನಡೆಯುವ ಆಂಡಂಟಿನೊ ಗ್ರಾತ್ಸಿಯೋಸೊ, ನನ್ನ ಪುಟದಲ್ಲಿ ಮುಖ ಬಾಡಿಸಿಕೊಂಡ ಅಡಾಜಿಯೊ. ಕೊಳ್ಳುವ ಮುನ್ನ ಮಾದರಿ ಪುಟದಲ್ಲಿ ಈ ತಲೆಬರಹವೊಂದನ್ನು ನೋಡಿಕೊಳ್ಳಿ, ಸಾಕು. ಆಂಡಂಟಿನೊ ಇದ್ದರೆ ಮೂಲ, ಅಡಾಜಿಯೊ ಇದ್ದರೆ ಗ್ರುಟ್ಸ್‌ಮಾಖರ್. ಅಂಗಡಿಯವರಿಗೆ ಪತ್ರ ಬರೆದೆ. ತೆರೆದ ಪುಸ್ತಕವನ್ನು ವಾಪಸು ಪಡೆಯುವುದಿಲ್ಲ ಎಂಬ ಉತ್ತರ ಬಂತು. ತೆರೆಯದೆ ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಕೊನೆಗೆ ಮೂಲದ ಚೆಲೊ ಭಾಗವನ್ನೂ ಕೊಂಡೆ.

ನುಡಿಸುವುದಕ್ಕೆ ಯಾವುದು ಸುಲಭ? ಎರಡೂ ಅಲ್ಲ. ಗ್ರುಟ್ಸ್‌ಮಾಖರ್‌ನಲ್ಲಿ ಬೆರಳು ಎಲ್ಲಿಡಬೇಕು, ಕಮಾನು ಯಾವ ಕಡೆ ಎಳೆಯಬೇಕು ಎಂಬುದೆಲ್ಲ ಗುರುತು ಹಾಕಿದೆ. ನನ್ನ ಬಳಿ ಇರುವ ಮೂಲದ ಪುಟ ಹೆಚ್ಚುಕಡಿಮೆ ಖಾಲಿ, ನಾವೇ ತುಂಬಿಕೊಳ್ಳಬೇಕು. ಗುರುಗಳಿಲ್ಲದೆ ಕಲಿಯುವವರಿಗೆ ಇದು ಕಷ್ಟ.

ಪಕ್ಕವಾದ್ಯದಲ್ಲಿ ಮಾತ್ರ ಮೂಲವೇ ಗೆಲ್ಲುತ್ತದೆ. ಬೊಕ್ಕೆರೀನಿಯ ಕನ್ಸರ್ಟೊಗಳಲ್ಲಿ ಚೆಲೊ ಮೇಲಕ್ಕೆ ಏರಿದಾಗ ಮಂದ್ರದ ವಾದ್ಯಗಳು ಅನೇಕ ಕಡೆ ಸುಮ್ಮನಾಗುತ್ತವೆ, ಪಿಟೀಲುಗಳು ಮಾತ್ರ ಕೆಳಗೆ ಮೆಲ್ಲಗೆ ನಡೆಯುತ್ತವೆ. ತೆಳುವಾದ ನೂಲಿನ ಮೇಲೆ ಸ್ವರ ನಿಂತ ಹಾಗೆ. ಆ ತೆಳುವು ಗ್ರುಟ್ಸ್‌ಮಾಖರ್‌ನ ಕಾಲಕ್ಕೆ ಬಡತನದಂತೆ ಕಂಡಿರಬೇಕು. ಅವನು ದಪ್ಪ ಕಂಬಳಿ ಹೊದಿಸಿದ.

ಕೇಳಿ ಹೋಲಿಸುವವರಿಗೆ ಧ್ವನಿಮುದ್ರಣಗಳಿವೆ. ಚೆಲೊ ವಾದಕಿ ಜಾಕ್ಲೀನ್ ಡು ಪ್ರೇ 1967ರಲ್ಲಿ ನುಡಿಸಿದ್ದು ಗ್ರುಟ್ಸ್‌ಮಾಖರ್. ಆ ಅಡಾಜಿಯೊ ಕೇಳಿದರೆ ನನ್ನ ಜಗಳವೇ ಕರಗುತ್ತದೆ, ಒಪ್ಪುತ್ತೇನೆ. ಮೂಲಕ್ಕೆ ಚೆಲೊ ವಾದಕ ಮೊರಿಸ್ ಜಾಂದ್ರೊನ್ ಅವರದು, 1960ರ ಸುಮಾರಿನದು. ಸ್ವಾರಸ್ಯವೆಂದರೆ, ಅದರಲ್ಲಿ ವಾದ್ಯವೃಂದವನ್ನು ನಡೆಸಿದವರು ಹೆಸರಾಂತ ಚೆಲೊ ವಾದಕ ಪಾಬ್ಲೊ ಕಸಾಲ್ಸ್. ಅದೇ ಕಸಾಲ್ಸ್ 1936ರಲ್ಲಿ ತಾವೇ ಚೆಲೊ ಹಿಡಿದು ಮುದ್ರಿಸಿದ್ದು ಗ್ರುಟ್ಸ್‌ಮಾಖರ್ ರೂಪವನ್ನು.

ವೇದಿಕೆಯಲ್ಲಿ ದೊಡ್ಡ ವಾದ್ಯವೃಂದದ ಮುಂದೆ ಕೂತು ಚಪ್ಪಾಳೆ ಗಿಟ್ಟಿಸುವವರು ಗ್ರುಟ್ಸ್‌ಮಾಖರ್ ಕೊಳ್ಳಲಿ, ಅದಕ್ಕೆಂದೇ ಹೊಲಿದ ಅಂಗಿ ಅದು. ನನ್ನದು ಊಟದ ನಂತರ ಬಾಗಿಲು ಹಾಕಿಕೊಂಡು ಗೆಳತಿಯ ಪಿಯಾನೊ ಜೊತೆ ನುಡಿಸುವ ರೂಢಿ, ತಿಂಗಳಿಗೊಂದು ಪುಸ್ತಕಕ್ಕಿಂತ ಹೆಚ್ಚು ಕೊಳ್ಳಲಾಗದ ಜೇಬು. ಇದಕ್ಕೆ ಮೂಲವೇ ಒಪ್ಪುತ್ತದೆ. ಗ್ರುಟ್ಸ್‌ಮಾಖರ್ ಪ್ರತಿಯನ್ನು ಯಾರಾದರೂ ಅರ್ಧ ಬೆಲೆಗೆ ಕೇಳಿದರೆ ಕೊಟ್ಟುಬಿಡುತ್ತೇನೆ, ಅಡಾಜಿಯೊದ ಪುಟಗಳ ಜೆರಾಕ್ಸ್ ಮಾಡಿಸಿಟ್ಟುಕೊಂಡು.