ಶುಗರ್ ಇರುವ ಹಿರಿಯರ ಜೊತೆ ಮಲೆನಾಡಿಗೆ ಹೊರಟಿದ್ದೀರಾ? ಮೊದಲು ಇದನ್ನು ಓದಿ

ನಿಮ್ಮ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಅಪ್ಪನೋ ಅಮ್ಮನೋ ಇದ್ದಾರಾ? ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಅಂತ ಸುತ್ತುವ ಆಸೆ ಇದ್ದರೆ ಐದು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ. ಅಪ್ಪಾಜಿಯ ಎಪ್ಪತ್ತನೇ ಹುಟ್ಟುಹಬ್ಬದ ದಿನ ನಮಗೆ ಆಗಿದ್ದು ಇನ್ಯಾರಿಗೂ ಆಗಬಾರದು.

ನಾವು ದಾವಣಗೆರೆಯವರು. ಅಪ್ಪಾಜಿ ನಿವೃತ್ತ ಮೇಷ್ಟ್ರು. ಕುಪ್ಪಳಿಯ ಕವಿಶೈಲ ನೋಡಬೇಕು ಅಂತ ವರ್ಷಗಳಿಂದ ಹೇಳುತ್ತಿದ್ದರು. ದೀಪಾವಳಿ ಕಳೆದ ಮೇಲೆ ಮಳೆಯೂ ಇರಲ್ಲ, ಆಗುಂಬೆಯಲ್ಲಿ ಸೂರ್ಯಾಸ್ತವೂ ಕಾಣುತ್ತೆ ಅಂತ ನವೆಂಬರ್ ಕೊನೆಗೆ ಹೊರಟೆವು. ಅಪ್ಪಾಜಿ, ಅಮ್ಮ, ನಾನು, ನಮ್ಮನೆಯವರು, ಇಬ್ಬರು ಮಕ್ಕಳು. ಹಿಂದಿನ ರಾತ್ರಿ ಶಿವಮೊಗ್ಗದಲ್ಲಿ ಉಳಿದೆವು. ಅಲ್ಲೇ ಒಂದು ಬೇಕರಿಯಲ್ಲಿ ಕೇಕ್ ಮಾಡಿಸಿದೆವು, ಶುಗರ್ ಫ್ರೀ. ಮಧ್ಯಾಹ್ನದ ಊಟಕ್ಕೆ ಆಗುಂಬೆ ರಸ್ತೆಯಿಂದ ಒಳಗೆ ಇರುವ ಒಂದು ಹೋಂಸ್ಟೇಗೆ ಮುಂಗಡ ಕಳಿಸಿದ್ದೆ. ಕಡುಬು, ಅಕ್ಕಿ ರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ, ಅಪ್ಪಾಜಿಗೆ ಇಷ್ಟ ಅಂತ ಒಂದೇ ಒಂದು ಕಾಯಿ ಹೋಳಿಗೆ. ಒಂದು ಗಂಟೆಗೆ ಬರುತ್ತೇವೆ ಅಂದಿದ್ದೆ.

ಬೆಳಗ್ಗೆ ಏಳೂವರೆಗೆ ಅಪ್ಪಾಜಿ ಎಂದಿನಂತೆ ಇನ್ಸುಲಿನ್ ಹಾಕಿಕೊಂಡರು. ತಿಂಡಿಗೆ ಮಾತ್ರ ಎರಡೇ ಇಡ್ಲಿ. "ಮಧ್ಯಾಹ್ನ ಹೋಳಿಗೆ ಇದೆಯಲ್ಲಮ್ಮ, ಈಗ ಕಮ್ಮಿ ತಿಂತೀನಿ" ಅಂದರು. ನಾನೂ ತಲೆ ಆಡಿಸಿದೆ. ಮೊದಲ ತಪ್ಪು ಅಲ್ಲೇ ಆಯಿತು. ಅವರು ತೆಗೆದುಕೊಳ್ಳುವುದು ಎರಡು ಬಗೆ ಬೆರೆಸಿದ ಇನ್ಸುಲಿನ್. ಒಂದು ಭಾಗ ತಿಂಡಿಗೆ ಬೇಗ ಕೆಲಸ ಮಾಡುತ್ತೆ, ಇನ್ನೊಂದು ಭಾಗ ನಿಧಾನಕ್ಕೆ ಮಧ್ಯಾಹ್ನದವರೆಗೂ ಎಳೆಯುತ್ತೆ. ಬೆಳಗ್ಗೆ ಒಂದು ಸಲ ಹಾಕಿಕೊಂಡ ಮೇಲೆ ತಿಂಡಿಯನ್ನೂ ಕಮ್ಮಿ ಮಾಡುವಂತಿಲ್ಲ, ಊಟವನ್ನೂ ಮುಂದೆ ಹಾಕುವಂತಿಲ್ಲ. ಇನ್ಸುಲಿನ್‌ಗೆ ಹುಟ್ಟುಹಬ್ಬ ಗೊತ್ತಾಗಲ್ಲ.

ಸಕ್ರೆಬೈಲಿನಲ್ಲಿ ಆನೆಗಳು ನೀರಿಗೆ ಇಳಿಯುವುದು ಬೆಳಗಿನ ಹೊತ್ತು. ತುಂಗಾ ಹಿನ್ನೀರಿನಲ್ಲಿ ಮರಿಯಾನೆ ಮಲಗಿದ್ದು ನೋಡಿ ಮಕ್ಕಳು ಕದಲಲಿಲ್ಲ. ಹತ್ತೂವರೆ ಆಯಿತು. ಮಂಡಗದ್ದೆಯಲ್ಲಿ ಮತ್ತೆ ನಿಂತೆವು. ಅಲ್ಲಿ ಹಕ್ಕಿಗಳು ಗೂಡು ಕಟ್ಟಿ ತುಂಬಿಕೊಳ್ಳುವುದು ಮಳೆಗಾಲದಲ್ಲಿ. ನಾವು ಹೋದಾಗ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೂ ಹೊಳೆ ನೋಡುತ್ತಾ ಅರ್ಧ ಗಂಟೆ ಹೋಯಿತು. ಮನೆಯಲ್ಲಿ ಅಪ್ಪಾಜಿ ಹನ್ನೊಂದಕ್ಕೆ ಎರಡು ಬಿಸ್ಕೆಟ್ಟೋ ಅರ್ಧ ಸೀಬೆಹಣ್ಣೋ ತಿನ್ನುತ್ತಾರೆ. ಆ ದಿನ ಅದು ಯಾರಿಗೂ ನೆನಪಾಗಲಿಲ್ಲ.

ಕುಪ್ಪಳಿಯಲ್ಲಿ ಕವಿಮನೆ ನೋಡಿ ಕವಿಶೈಲಕ್ಕೆ ಹತ್ತಿದೆವು. ಆ ದೊಡ್ಡ ಕಲ್ಲುಗಳ ನಡುವೆ ಅಪ್ಪಾಜಿ ಕೈಮುಗಿದು ನಿಂತಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ತುಂಬಾ ಸಂತೋಷವಾಗಿದ್ದರು. ಆದರೆ ಕೆಳಗೆ ಇಳಿಯುವಾಗಲೇ ಒಂದೂ ಮುಕ್ಕಾಲು. ಹೊಟ್ಟೆ ಖಾಲಿ, ಮೇಲೆ ಅಷ್ಟು ನಡಿಗೆ. ನಡೆದರೆ ಶುಗರ್ ಇನ್ನೂ ಇಳಿಯುತ್ತೆ ಅನ್ನೋದು ನನಗೆ ಗೊತ್ತಿರುವ ವಿಷಯವೇ.

ಬಯಲುಸೀಮೆಯ ಲೆಕ್ಕ ಮಲೆನಾಡಿನಲ್ಲಿ ನಡೆಯಲ್ಲ. ನಮ್ಮ ಕಡೆ ಹದಿನೈದು ಕಿಲೋಮೀಟರ್ ಅಂದರೆ ಇಪ್ಪತ್ತು ನಿಮಿಷ. ಅಲ್ಲಿ ಮ್ಯಾಪ್ ತೋರಿಸಿದ ಒಳದಾರಿ ತೋಟ, ಗುಡ್ಡ, ತಿರುವು, ಎದುರಿಗೆ ಒಂದು ಜೀಪ್ ಬಂದರೆ ಹಿಂದಕ್ಕೆ ಹೋಗಿ ಜಾಗ ಬಿಡಬೇಕು. ಫೋನಿಗೆ ಸಿಗ್ನಲ್ ಇಲ್ಲ. ದಾರಿಯಲ್ಲಿ ಒಂದು ಚಾ ಅಂಗಡಿಯೂ ಸಿಗಲಿಲ್ಲ. ಹೋಂಸ್ಟೇ ಮುಟ್ಟಿದಾಗ ಎರಡೂ ಮುಕ್ಕಾಲು. ಅಲ್ಲಿದ್ದವರು, "ನೀವು ಬರಲ್ಲ ಅಂದ್ಕೊಂಡು ಬೇರೆಯವರಿಗೆ ಬಡಿಸಿಬಿಟ್ವಿ, ಒಂದು ಗಂಟೆ ಕೂತರೆ ಮಾಡಿಕೊಡ್ತೀವಿ" ಅಂದರು. ಮುಂಗಡ ತೆಗೆದುಕೊಂಡು ಹೀಗೆ ಮಾಡಬಾರದಿತ್ತು, ಅದು ಅವರ ತಪ್ಪು. ಆದರೆ ನಾನು ಅಲ್ಲಿ ನಿಂತು ದುಡ್ಡಿನ ಬಗ್ಗೆ ವಾದ ಮಾಡುತ್ತಿದ್ದೆ. ಆ ಹತ್ತು ನಿಮಿಷದಲ್ಲಿ ಒಂದು ಬಟ್ಟಲು ಅನ್ನ ಮಜ್ಜಿಗೆ ಕೇಳಬಹುದಿತ್ತು, ಅಲ್ವಾ? ಕೇಳಲಿಲ್ಲ. ತೀರ್ಥಹಳ್ಳಿಗೆ ಹೋಗಿ ಹೋಟೆಲಿನಲ್ಲಿ ತಿನ್ನೋಣ ಅಂತ ಕಾರು ಹತ್ತಿದೆವು.

ಹತ್ತುವಾಗಲೇ ಅಪ್ಪಾಜಿ ಮೊಮ್ಮಗನಿಗೆ ಜೋರು ಮಾಡಿದರು. ಅವನು ಬೆಳಗ್ಗೆಯಿಂದ ಕೇಕ್ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದ. "ಆ ಡಬ್ಬಿ ಆಚೆ ಬಿಸಾಕು!" ಅಂದರು. ಅಪ್ಪಾಜಿ ಮೊಮ್ಮಕ್ಕಳಿಗೆ ದನಿ ಏರಿಸಿದ್ದನ್ನು ನಾನು ಕಂಡೇ ಇರಲಿಲ್ಲ. ಊಟ ತಪ್ಪಿದ್ದಕ್ಕೆ ಬೇಜಾರಾಗಿದೆ ಅಂದುಕೊಂಡೆ. ಅಮ್ಮನೂ, "ಸುಮ್ನೆ ಇರಿ, ಮಗು ಅದು" ಅಂದರು. ಅಪ್ಪಾಜಿ ಮಾತಾಡಲಿಲ್ಲ. ಸೀಟ್ ಬೆಲ್ಟ್ ಹಾಕಿಕೊಳ್ಳಲು ಹೋದರು. ಕೊಂಡಿ ಪಕ್ಕಕ್ಕೆ ಹೋಗುತ್ತಿದೆ, ಮತ್ತೆ ಒತ್ತುತ್ತಾರೆ, ಮತ್ತೆ ಪಕ್ಕಕ್ಕೆ. ನಾಲ್ಕೈದು ಸಲ. ಬೆರಳು ನಡುಗುತ್ತಿದ್ದವು. ನಾನು ಹಿಂದಿನಿಂದ ಬಗ್ಗಿ ಬೆಲ್ಟ್ ಹಾಕಿದೆ. ಆಗ ನನ್ನ ಕೈ ಅವರ ಹೊಸ ಅಂಗಿಗೆ ತಾಗಿತು. ಬೆನ್ನು ಪೂರ್ತಿ ಒದ್ದೆ. ಎಸಿ ಓಡುತ್ತಿತ್ತು, ನಮಗೆಲ್ಲ ಚಳಿ.

ಆಗಲೂ ನನಗೆ ಹೊಳೆಯಲಿಲ್ಲ ಅನ್ನೋದೇ ಇವತ್ತಿಗೂ ಸಂಕಟ. ಎರಡು ತಿರುವು ದಾಟಿದ ಮೇಲೆ ಅಪ್ಪಾಜಿ, "ಸ್ಕೂಲ್ ಬೆಲ್ ಆಯ್ತಾ?" ಅಂದರು. ಆಗ ಗೊತ್ತಾಯಿತು.

ಕಾರು ನಿಲ್ಲಿಸಿ, ಡಿಕ್ಕಿಯಲ್ಲಿ ಬ್ಯಾಗುಗಳ ಅಡಿಯಿಂದ ಶುಗರ್ ನೋಡುವ ಮಷೀನು ಹುಡುಕಿ ತೆಗೆದೆವು. 46 ಇತ್ತು. 70ಕ್ಕಿಂತ ಕೆಳಗೆ ಹೋದರೇ ಲೋ ಶುಗರ್. ಸಿಹಿ ಕೊಡಬೇಕು, ಈಗಲೇ ಕೊಡಬೇಕು. ನಾನು ಕಾರಿನಲ್ಲಿದ್ದ ಒಂದೊಂದೇ ಪೊಟ್ಟಣ ತೆಗೆದು ನೋಡಿದೆ. ರಾಗಿ ಬಿಸ್ಕೆಟ್, ಸಕ್ಕರೆ ಇಲ್ಲದ್ದು. ಹುರಿಗಡಲೆ. ಖಾರದ ಅವಲಕ್ಕಿ. ನೀರು. ಮಗನ ತೊಡೆ ಮೇಲೆ ಕೇಕ್, ಡಬ್ಬಿಯ ಮೇಲೆ ಹಸಿರು ಚೀಟಿ: ಶುಗರ್ ಫ್ರೀ. ಅಪ್ಪಾಜಿಯ ಕಣ್ಣಿಗೇ ಸಿಹಿ ಬೀಳಬಾರದು ಅಂತ ನಾನೇ ಹುಡುಕಿ ಹುಡುಕಿ ಕಟ್ಟಿದ ಗಂಟು ಅದು. ಆರು ಜನ ಕೂತ ಕಾರಿನಲ್ಲಿ ಒಂದು ಚಮಚ ಸಕ್ಕರೆ ಇರಲಿಲ್ಲ.

ಸಿಹಿ ಬರಲಿ ಅಂತ ಕೇಕಿಗೆ ಹಾಕುವ ಬದಲಿ ಪುಡಿ ಬಾಯಿಗೆ ಸಿಹಿ, ರಕ್ತದ ಸಕ್ಕರೆಯನ್ನು ಏರಿಸಲ್ಲ. ಅದರ ಹಿಟ್ಟು, ಬೆಣ್ಣೆ ಕರಗುವುದಕ್ಕೆ ಹೊತ್ತು ಬೇಕು. ಚಾಕಲೇಟೂ ಅಷ್ಟೇ, ಕೊಬ್ಬು ಇರುವುದರಿಂದ ನಿಧಾನ. ಇಂಥ ಹೊತ್ತಿಗೆ ಬೇಕಾಗಿರುವುದು ಬರೀ ಸಕ್ಕರೆ, ಗ್ಲೂಕೋಸ್ ಪುಡಿ, ಬೆಲ್ಲ, ಇಲ್ಲ ಹಣ್ಣಿನ ರಸ.

ನಮ್ಮನೆಯವರು ಕಾರು ಮುಂದೆ ಬಿಟ್ಟರು. ಸ್ವಲ್ಪ ದೂರದಲ್ಲಿ ಅಂಗಳದ ತುಂಬಾ ಅಡಿಕೆ ಹರಡಿದ್ದ ಒಂದು ಮನೆ ಸಿಕ್ಕಿತು. ನಾನು ಓಡಿಹೋಗಿ, "ಅಕ್ಕಾ, ಸಕ್ಕರೆ ಕೊಡಿ, ನಮ್ಮ ತಂದೆಗೆ ಹುಷಾರಿಲ್ಲ" ಅಂದೆ. ಆ ತಾಯಿ ಏನೂ ಕೇಳಲಿಲ್ಲ. ಒಳಗೆ ಹೋಗಿ ಜೋನಿ ಬೆಲ್ಲ ಕದಡಿದ ನೀರಿನ ಲೋಟ ಹಿಡಿದು ನನಗಿಂತ ಮುಂಚೆ ಕಾರಿನ ಹತ್ತಿರ ಬಂದರು. ಮನೆಗೆ ಬಂದವರಿಗೆ ಮಲೆನಾಡಿನವರು ಮೊದಲು ಕೊಡುವುದು ಬೆಲ್ಲ ನೀರು ಅಂತ ಕೇಳಿದ್ದೆ. ಅಪ್ಪಾಜಿಗೆ ಇನ್ನೂ ಎಚ್ಚರ ಇತ್ತು, ನುಂಗುತ್ತಿದ್ದರು. ಗುಟುಕು ಗುಟುಕಾಗಿ ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ನೋಡಿದರೆ 63. ಇನ್ನೊಂದು ಲೋಟ. ಆಮೇಲೆ 91. ಅಪ್ಪಾಜಿ ನನ್ನ ಮುಖ ನೋಡಿ, "ಯಾಕಮ್ಮ ಅಳ್ತಿದ್ದೀಯ?" ಅಂದರು.

ದಯವಿಟ್ಟು ಗಮನಿಸಿ. ಎಚ್ಚರ ತಪ್ಪಿದ್ದರೆ, ನುಂಗಲು ಆಗದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಉಸಿರಿನ ದಾರಿಗೆ ಹೋಗುತ್ತೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಸಿಗ್ನಲ್ ಇಲ್ಲದಿದ್ದರೆ ಹತ್ತಿರದ ಆಸ್ಪತ್ರೆಗೆ ಹೊರಡಿ. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರಿಲ್ಲದಿದ್ದರೆ ಮತ್ತೆ ಕೊಡಿ. ಏರಿದ ಮೇಲೆ ಊಟ ಮಾಡಿಸಲೇಬೇಕು, ಇಲ್ಲದಿದ್ದರೆ ಮತ್ತೆ ಇಳಿಯಬಹುದು. ಇನ್ಸುಲಿನ್ ಒಂದೇ ಅಲ್ಲ, ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೂ ಹೀಗಾಗುತ್ತೆ, ಅದರ ಪ್ರಭಾವ ಜಾಸ್ತಿ ಹೊತ್ತು ಇರುತ್ತೆ. ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಮಷೀನು ಡಿಕ್ಕಿಯಲ್ಲಿ ಬೇಡ, ಕೈಗೆ ಸಿಗುವ ಹಾಗಿರಲಿ. ಸಕ್ಕರೆ ಪೊಟ್ಟಣ ಅವರ ಜೇಬಿನಲ್ಲೊಂದು, ನಿಮ್ಮ ಹತ್ತಿರ ಒಂದು. ಹಿರಿಯರು ಇದ್ದಕ್ಕಿದ್ದಂತೆ ಸಿಡುಕಿದರೆ, ಮಂಕಾದರೆ, ಚಳಿಯಲ್ಲೂ ಬೆವರಿದರೆ ಬೇಜಾರು, ಸುಸ್ತು, ಕಾರಿನ ತಿರುಗಾಟ ಅಂತ ಬಿಡಬೇಡಿ. ಮೊದಲು ಬೆರಳು ಚುಚ್ಚಿ ನೋಡಿ.

ಆ ಮನೆಯವರು ನಮ್ಮನ್ನು ಹಾಗೇ ಕಳಿಸಲಿಲ್ಲ. ಜಗಲಿಯಲ್ಲಿ ಎಲೆ ಹಾಕಿ ಬಿಸಿ ಅನ್ನ, ತಿಳಿಸಾರು, ಮಜ್ಜಿಗೆ, ಅಪ್ಪೆಮಿಡಿ ಬಡಿಸಿದರು. ಅಪ್ಪಾಜಿಯ ಹುಟ್ಟುಹಬ್ಬದ ಊಟ ಅದೇ, ನಾಲ್ಕು ಗಂಟೆಗೆ. ದುಡ್ಡು ಎಷ್ಟು ಬಲವಂತ ಮಾಡಿದರೂ ಮುಟ್ಟಲಿಲ್ಲ. ಆಗುಂಬೆಗೆ ಹೋಗಲಿಲ್ಲ. ತೀರ್ಥಹಳ್ಳಿಯಲ್ಲಿ ಡಾಕ್ಟರಿಗೆ ತೋರಿಸಿದೆವು. ಅವರು ರಾತ್ರಿಯ ಇನ್ಸುಲಿನ್ ಅಳತೆ ಇಳಿಸಿ, ರಾತ್ರಿ ಎದ್ದು ಇನ್ನೊಮ್ಮೆ ನೋಡಿ ಅಂದರು. ಶಿವಮೊಗ್ಗದ ಲಾಡ್ಜಿನಲ್ಲಿ ಎರಡು ಗಂಟೆಗೆ ಎದ್ದು, ನಿದ್ದೆಯಲ್ಲಿದ್ದ ಅಪ್ಪಾಜಿಯ ಬೆರಳು ಚುಚ್ಚಿದೆ. 138. ಆಮೇಲೆ ನಾನು ಮಲಗಿದೆ.