ಕಾರಿಡಾರಿನ ಮೋಷನ್ ಸೆನ್ಸರ್: ಎರಡು ಬೇಸಿಗೆ ಕಳೆದ ಮೇಲೆ

ದಾವಣಗೆರೆಯ ನಾಲ್ಕು ಮಹಡಿ ಅಪಾರ್ಟ್‌ಮೆಂಟು. ಮಹಡಿಗೆ ಮೂರರಂತೆ 12 ವ್ಯಾಟಿನ ಎಲ್‌ಇಡಿ, ಪ್ರತಿಯೊಂದಕ್ಕೂ ಸೀಲಿಂಗಿನಲ್ಲಿ ಒಂದು ಪಿಐಆರ್ ಸೆನ್ಸರ್, ಅಂದರೆ ಮೈಶಾಖದ ಓಡಾಟ ಗುರುತಿಸಿ ದೀಪ ಹತ್ತಿಸುವಂಥದ್ದು. ಡಬ್ಬದ ಮೇಲಿರುವುದನ್ನು ಎಲ್ಲರೂ ಓದಿರುತ್ತೀರಿ. ಅಲ್ಲಿಲ್ಲದ ಮಾತೆಂದರೆ, ಏಪ್ರಿಲ್ ಬಂತೆಂದರೆ ಇದಕ್ಕೆ ಕಣ್ಣು ಮಂಜು.

ಪಿಐಆರ್ ನೋಡುವುದು ಮನುಷ್ಯನನ್ನಲ್ಲ, ಮೈಶಾಖಕ್ಕೂ ಹಿಂದಿನ ಗೋಡೆ, ನೆಲದ ಶಾಖಕ್ಕೂ ಇರುವ ವ್ಯತ್ಯಾಸವನ್ನು. ನಮ್ಮ ಚರ್ಮದ ಮೇಲ್ಮೈ ಸುಮಾರು 33–34 ಡಿಗ್ರಿ. ಹಗಲೆಲ್ಲ ಕಾದ ತಾರಸಿಯ ಕೆಳಗಿನ ಕಾರಿಡಾರು ಸಂಜೆ ಏಳಕ್ಕೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಜನವರಿಯಲ್ಲಿ ಲಿಫ್ಟಿನಿಂದ ಕಾಲಿಟ್ಟೊಡನೆ ಹತ್ತುವ ದೀಪ, ಮೇ ತಿಂಗಳಲ್ಲಿ ಬುಡಕ್ಕೇ ಬಂದರೂ ಮಿಸುಕದು. ಕೆಳಗಿನ ಮಹಡಿಗಳಲ್ಲಿ ಈ ಕಾಟ ಕಡಿಮೆ. ಕೆಟ್ಟಿದೆಯೆಂದು ಬಿಚ್ಚಿ ಅಂಗಡಿಗೆ ಒಯ್ದರೆ ಅಲ್ಲಿನ ತಂಪಿನಲ್ಲಿ ಸರಿಯಾಗಿಯೇ ಹತ್ತಿ ಮಾನ ಕಳೆಯುತ್ತದೆ!

ಮೇಲಿನ ಮಹಡಿಗೆ ಮಾತ್ರ ಮೈಕ್ರೋವೇವ್ ಸೆನ್ಸರ್ ಹಾಕಿಸುವುದು ಒಳ್ಳೆಯದು, ಅದು ಶಾಖವನ್ನಲ್ಲ, ತಾನು ಬಿಟ್ಟ ರೇಡಿಯೋ ಅಲೆ ಮರಳುವುದನ್ನು ನೋಡುವುದರಿಂದ ಸೆಕೆಯ ಹಂಗಿಲ್ಲ. ಆದರೆ ಮರದ ಬಾಗಿಲಿನಾಚೆ ಮಗು ಓಡಾಡಿದರೂ ಹೊರಗೆ ದೀಪ ಹತ್ತುತ್ತದೆ. ಎಷ್ಟು ದೂರದ ಅಲುಗಾಟಕ್ಕೆ ಹತ್ತಬೇಕೆಂದು ಹೇಳುವ ಸೆನ್ಸ್ ತಿರುಪನ್ನು ಅರ್ಧಕ್ಕಿಂತ ಕೆಳಗಿಳಿಸಿ.

ದೀಪ ಎಷ್ಟು ಹೊತ್ತು ಉರಿಯಬೇಕೆಂದು ಹೇಳುವ ಟೈಮ್ ತಿರುಪಿನಲ್ಲಿ ಜಿಪುಣತನ ಬೇಡ. ಬೆಳಗಿನ ಐದೂವರೆಗೆ ಹೊಸ್ತಿಲು ಸಾರಿಸಿ, ಕುಕ್ಕುರುಗಾಲಲ್ಲಿ ಕೂತು ಚುಕ್ಕಿ ಇಡುವವರ ಬೆರಳು ಮಾತ್ರ ಆಡುತ್ತಿರುತ್ತದೆ. ಸೆನ್ಸರಿಗೆ ಅದು ಕಾಣದು. 30 ಸೆಕೆಂಡಿಗೆ ಇಟ್ಟರೆ ಎರಡನೇ ಸಾಲು ಮುಗಿಯುವಷ್ಟರಲ್ಲಿ ಕತ್ತಲು. ಪುಡಿ ಹಿಡಿದ ಕೈಯನ್ನೇ ಎತ್ತಿ ಬೀಸಬೇಕು, ಉದುರಿದ ಪುಡಿಯಿಂದ ಎಳೆ ಕೆಡುತ್ತದೆ. 3 ನಿಮಿಷಕ್ಕೆ ಇಟ್ಟರೆ ಮನೆಮನೆಯ ಬೈಗುಳ ನಿಲ್ಲುತ್ತದೆ. ನಡುವೆ ಎದ್ದು ಬಟ್ಟಲು ತಂದರೆ ಮತ್ತೆ ಮೂರು ನಿಮಿಷ. ಆ ಹೊತ್ತಿಗೆ ಸ್ಲ್ಯಾಬೂ ತಣಿದಿರುವುದರಿಂದ, ಬಾಗಿಲು ತೆರೆದೊಡನೆ ಹತ್ತುವ ಬೆಳಕು ಬೇಸಿಗೆಯಲ್ಲೂ ಮುದ ಕೊಡುತ್ತದೆ.

ಎಷ್ಟು ಕತ್ತಲಾದ ಮೇಲೆ ಹತ್ತಬೇಕೆಂದು ಹೇಳುವ ಲಕ್ಸ್ ತಿರುಪನ್ನು ಮಧ್ಯಾಹ್ನ ಅಂದಾಜಿನಲ್ಲಿ ತಿರುಗಿಸಬೇಡಿ. ಸಂಜೆ ದೀಪ ಬೇಕೆನಿಸಿದಾಗ ಟೈಮನ್ನು ಕನಿಷ್ಠಕ್ಕಿಳಿಸಿ, ಲಕ್ಸನ್ನು ಕತ್ತಲೆಯ ತುದಿಯಿಂದ ನಿಧಾನಕ್ಕೆ ತಿರುಗಿಸುತ್ತ ಕೈಯಾಡಿಸಿ. ಹತ್ತಿದಲ್ಲೇ ಬಿಡಿ.

ನ್ಯೂಟ್ರಲ್ ಬೇಡದ ಎರಡು ವೈರಿನ ಸೆನ್ಸರ್ ಅಗ್ಗವೆಂದು ತರಬೇಡಿ, ಎಲ್‌ಇಡಿ ಆರಿದ ಮೇಲೂ ಮಿಣಮಿಣ ಅನ್ನುತ್ತಿರುತ್ತದೆ. ಇನ್ನು, ಸೆನ್ಸರಿನ ಮೇಲೆ 1200 ವ್ಯಾಟ್ ಎಂದು ಬರೆದಿರುವುದು ಹಳೆಯ ಫಿಲಮೆಂಟ್ ಬಲ್ಬಿನ ಲೆಕ್ಕ. ಎಲ್‌ಇಡಿ ಹತ್ತುವ ಕ್ಷಣದ ಜೋರು ಕರೆಂಟಿಗೆ ಸೆನ್ಸರಿನೊಳಗಿನ ಸ್ವಿಚ್ಚಾದ ರಿಲೇಯ ತುದಿಗಳು ಅಂಟಿಕೊಂಡು ದೀಪ ಆರುವುದೇ ಇಲ್ಲ. ತಟ್ಟಿದರೆ ಬಿಡುತ್ತದೆ, ವಾರದಲ್ಲಿ ಮತ್ತೆ ಅಂಟುತ್ತದೆ. ಬದಲಿಸುವುದೇ ದಾರಿ.

ಉಳಿತಾಯ? 12 ಬಲ್ಬು ರಾತ್ರಿ 12 ಗಂಟೆ ಉರಿದರೆ ತಿಂಗಳಿಗೆ 52 ಯೂನಿಟ್. ದಿನಕ್ಕೆ ತಲಾ ಎರಡು ಗಂಟೆಗೆ ಇಳಿದರೆ ಸುಮಾರು 9. ಸೆನ್ಸರೇ ಅರ್ಧ ವ್ಯಾಟಿನಂತೆ ಹಗಲೂ ರಾತ್ರಿ ತಿನ್ನುವುದು ನಾಲ್ಕಕ್ಕೂ ಮೇಲೆ. ಉಳಿಯುವುದು 39. ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೆ 234 ರೂಪಾಯಿ. ಸೆನ್ಸರಿಗೆ 400ರಂತೆ ಕೊಟ್ಟಿದ್ದರೆ ಅಸಲು ಹುಟ್ಟಲು ಇಪ್ಪತ್ತು ತಿಂಗಳು ದಾಟುತ್ತದೆ. ಕಾರಿಡಾರು ಆರು ಮೀಟರಿಗಿಂತ ಚಿಕ್ಕದಿದ್ದರೆ ಮಹಡಿಗೆ ಒಂದೇ ಸೆನ್ಸರಿಗೆ ಮೂರೂ ಬಲ್ಬು ಕಟ್ಟಿಸಿ. ಹಳೆಯ 40 ವ್ಯಾಟಿನ ಟ್ಯೂಬ್‌ಲೈಟು ಇನ್ನೂ ನೇತಾಡುತ್ತಿದ್ದರೆ ಮೊದಲು ಅದನ್ನು ಇಳಿಸಿ, ಸೆನ್ಸರಿನ ಮಾತು ಆಮೇಲೆ.